ಏಳು ದಿನದ ಉಡಿದಾರ

ಬೆಂಕಿಪೊಟ್ಟಣದಷ್ಟು ಯಂತ್ರ, ಕೆಂಪು ಎಲಾಸ್ಟಿಕ್ ಪಟ್ಟಿ.
ಏಳು ದಿನ ಸೊಂಟದಲ್ಲೇ ಇರಲಿ, ಸ್ನಾನಕ್ಕೆ ಮಾತ್ರ ಬಿಚ್ಚು
ಎಂದು ಉಡಿದಾರದ ಹಾಗೆ ನಾನೇ ಕಟ್ಟಿದ್ದೆ ಲೇಲೊಗೆ,
ಅವಳಿಗೆ ಒಂಬತ್ತಾಗಿದ್ದಾಗ.
ತಾರ್ತುವಿನಿಂದ ಪೆಟ್ಟಿಗೆ ಬಂದಿತ್ತು, ಜೊತೆಗೊಂದು ಪತ್ರ:
ಮಕ್ಕಳು ಎಷ್ಟು ಓಡುತ್ತಾರೆ, ಎಷ್ಟು ಕೂರುತ್ತಾರೆ,
ವರ್ಷ ಬಿಟ್ಟು ವರ್ಷ ನೋಡಬೇಕು.
ನಾನು ವೊರು ಶಾಲೆಯ ನರ್ಸು. ಹೇನು ನೋಡುವವಳು,
ಹಲ್ಲು ಎಣಿಸುವವಳು. ಇದೂ ಒಂದಿರಲಿ ಎಂದೆ.

ಕಟ್ಟುವಾಗ ಕಚಗುಳಿಯೆಂದು ನುಲಿದಳು.
ವಾರ ಕಳೆದು ಕಂಪ್ಯೂಟರಿನಲ್ಲಿ ನೋಡಿದರೆ
ಗೆರೆಯೇ ಅದು? ಗರಗಸ!
ತಮುಲಾ ಕೆರೆ ಹೆಪ್ಪುಗಟ್ಟಿದ ಮೇಲೆ ಜಾರಿದ್ದು,
ಹಿಮ ಗುಡಿಸಿ ಹಿತ್ತಲ ಟ್ರ್ಯಾಂಪೊಲಿನ್ನಿನಲ್ಲಿ ಹಾರಿದ್ದು,
ಬಸ್ಸು ತಪ್ಪಿ, ತಪ್ಪಿದ್ದಕ್ಕೇ ಖುಷಿಯಾಗಿ
ಮನೆಯವರೆಗೂ ಓಡಿದ್ದು.
ಊಟದ ಹೊತ್ತಿನಲ್ಲೂ ಚೂಪು, ಚೂಪು.
ಕೂತಲ್ಲಿ ಕೂರದ ಪೀಡೆ ಎಂದು ಅವಳಮ್ಮ ಬೈದದ್ದೆಲ್ಲ
ಅಂಕಿಯಾಗಿ ಬಂದಿತ್ತು.

ಹನ್ನೊಂದಕ್ಕೆ ಗರಗಸದ ಹಲ್ಲು ಒಂದೆರಡು ಉದುರಿದ್ದವು.
ಸಹಜ, ಎಂದು ಬರೆದೆ.

ಹದಿಮೂರಕ್ಕೆ
ತಾನೇ ಕಟ್ಟಿಕೊಂಡಳು, ನನಗೆ ಬೆನ್ನು ಮಾಡಿ.
ಮೂಲೆ ಒಡೆದ ಫೋನು ಹಲ್ಲಿನಲ್ಲಿ ಕಚ್ಚಿ.
ಪರದೆಯ ಮುಂದೆ ದಿನಕ್ಕೆ ಎಷ್ಟು ಗಂಟೆ?
ಎರಡು ಎಂದು ಬರೆದಳು. ನನ್ನ ಮುಖ ನೋಡಿ
ಹೊಡೆದುಹಾಕಿ ಐದು ಮಾಡಿದಳು.
ಸ್ಕೀ ಯಾಕೆ ಬಿಟ್ಟೆ ಎಂಬುದಕ್ಕೆ ಕಾಗದದಲ್ಲಿ ಜಾಗವಿರಲಿಲ್ಲ.
ಆದರೂ ಹೇಳಿದಳು, ಕಿಟಕಿಗೆ ಹೇಳುವಂತೆ:
ಬಟ್ಟೆ ಬದಲಿಸುವ ಕೋಣೆಗೆ ಚಿಲಕವಿಲ್ಲ.
ಕೋಚು ಗಡಿಯಾರ ನೋಡುತ್ತಾರೆ, ಮಿಕ್ಕವರು ನನ್ನನ್ನು.
ಮೊದಲು ಓಡಿದರೆ ಓಡಿದೆ, ಅಷ್ಟೆ.
ಈಗ ಓಡಿದರೆ ಮೈಯೂ ಜೊತೆಗೆ ಬರುತ್ತದೆ.

(ಆ ವರ್ಷ ಸೀಮ್ ಎಂಬವನು ಪಟ್ಟಿಯನ್ನು ನಾಯಿಗೆ ಕಟ್ಟಿ
ಜಿಲ್ಲೆಗೇ ಮೊದಲಿಗನಾದ.
ತಾನು ಹಾಸಿಗೆಯಲ್ಲೇ ಮೂರು ದಿನ
ಹೆಬ್ಬೆರಳಿನಿಂದ ಟ್ಯಾಂಕು ಓಡಿಸುತ್ತಿದ್ದನಂತೆ.)

ಹದಿನೈದು. ನವೆಂಬರು. ಮೂರೂವರೆಗೇ ಕತ್ತಲು.
ಅವರ ಮನೆ ನನ್ನ ದಾರಿಯಲ್ಲೇ.
ಟ್ರ್ಯಾಂಪೊಲಿನ್ನಿನಲ್ಲಿ ನೀರು ನಿಂತು ಎಲೆ ಕೊಳೆತಿದೆ,
ಮೇಲಿನ ಕಿಟಕಿಯಲ್ಲಿ ಅಂಗೈಯಗಲ ನೀಲಿ.
ವಾರದ ಗೆರೆ ಬಂತು: ಚಪ್ಪಟೆ,
ಒಗೆದು ಇಸ್ತ್ರಿ ಹಾಕಿದ ಹಾಗೆ.
ಸೋಮ, ಮಂಗಳ, ಬುಧ.
ವಾಡಿಕೆಯ ಮಾತು ಬರೆಯಲು ಪೆನ್ನು ತೆಗೆದೆ.
ಆಮೇಲೆ ಗುರುವಾರ ರಾತ್ರಿ
ಒಂದೂ ನಲವತ್ತರಿಂದ ನಾಲ್ಕರವರೆಗೆ
ಹಲ್ಲು.
ಸಣ್ಣವು, ಒತ್ತೊತ್ತಾಗಿ, ಬಿಡುವೇ ಇಲ್ಲದೆ.

ಯಂತ್ರ ಕೆಟ್ಟಿತ್ತೇನು, ಎಂದು ಕೇಳಿದೆ.
ಇಲ್ಲ, ಎಂದಳು. ಪ್ಯಾರ್ನುವಿನಿಂದ ಹೆಲೇರಿ ಕರೆ ಮಾಡಿದ್ದಳು,
ಬೇಸಿಗೆ ಶಿಬಿರದ ಗೆಳತಿ. ಸೇತುವೆಯ ಮೇಲೆ ನಿಂತಿದ್ದಳು.
ಪರದೆಯಲ್ಲಿ ಟೋಪಿ ಕಾಣುತ್ತಿತ್ತು, ಹಿಂದೊಂದು ದೀಪ,
ಮುಖ ಕಾಣುತ್ತಿರಲಿಲ್ಲ.
ನಾನು ಕೂತರೆ ಅವಳು ಅಲ್ಲೇ ನಿಂತುಬಿಡುತ್ತಾಳೆ ಅನ್ನಿಸಿತು.
ನಡಿ ಅಂದೆ. ನಾನೂ ನಡೆದೆ.
ಕಪಾಟಿನಿಂದ ಕಿಟಕಿಗೆ, ಕಿಟಕಿಯಿಂದ ಕಪಾಟಿಗೆ,
ಅವಳು ತನ್ನ ಮನೆಯ ಬೆಲ್ಲು ಒತ್ತಿ
ಅವಳಮ್ಮ ಬಾಗಿಲು ತೆಗೆಯುವವರೆಗೆ.
ನನ್ನ ಅಮ್ಮನಿಗೆ ಹೇಳಬೇಡಿ, ಫೋನು ಕಸಿಯುತ್ತಾಳೆ.

ತಾರ್ತುವಿಗೆ ಕಳಿಸುವ ಹಾಳೆಯಲ್ಲಿ ಎರಡೇ ಮನೆ:
ಚಟುವಟಿಕೆಯ ಹೊತ್ತು, ಪರದೆಯ ಹೊತ್ತು.
ಎರಡು ಗಂಟೆ ಇಪ್ಪತ್ತು ನಿಮಿಷ ಕೈಯಲ್ಲಿ ಹಿಡಿದು
ಬಹಳ ಹೊತ್ತು ಕೂತೆ.
(ನನ್ನದನ್ನೂ ಯಾರಾದರೂ ಎಣಿಸಿದ್ದರೆ
ಚಪ್ಪಟೆಯೇ ಬರುತ್ತಿತ್ತು.)
ಕೊನೆಗೆ ಬೇರೊಂದು ಕಾಗದ ತೆಗೆದು
ಮುಖ್ಯೋಪಾಧ್ಯಾಯರಿಗೆ ಚಿಲಕದ ಬಗ್ಗೆ ಬರೆದೆ,
ಎರಡು ವರ್ಷ ತಡವಾಗಿ.

ಪಟ್ಟಿಗಳನ್ನು ಒಗೆದು ಹೀಟರಿನ ಮೇಲೆ ಹರವಿದ್ದೇನೆ.
ಲೇಲೊಳದು ಜಗ್ಗಿದೆ, ಗಂಟು ಹಾಕಬೇಕು.
ನಾಳೆ ಎಂಟೂವರೆಗೆ ಒಂಬತ್ತರ ಮಕ್ಕಳು ಬರುತ್ತಾರೆ,
ಕಚಗುಳಿಯವರು.