ಬಿಟ್ಟ ಸ್ಥಳ

ಕಂದಾಯ ಭವನದ ಎದುರು, ಹೊಂಗೆ ಮರದ ಕೆಳಗೆ
ಇಪ್ಪತ್ತೆಂಟು ವರ್ಷದಿಂದ ಇದೇ ಮೂರೂವರೆ ಕಾಲಿನ ಮೇಜು.
ಇನ್ನಾಸಪ್ಪ ನಾನು. ಬೆರಳಚ್ಚುಗಾರ.
ಜಾತಿ, ಆದಾಯ, ವಾಸಸ್ಥಳ,
ಇನ್ನೂ ಬದುಕಿದ್ದೇನೆ ಎಂಬುದಕ್ಕೂ ಒಂದು ಪತ್ರ:
ಎಲ್ಲಕ್ಕೂ ನಮೂನೆ ಇದೆ ನನ್ನಲ್ಲಿ.
‘ಈ ಮೂಲಕ ದೃಢೀಕರಿಸುವುದೇನೆಂದರೆ’
ಅಲ್ಲಿಗೆ ನಿಲ್ಲುತ್ತೇನೆ. ಹೆಸರು ಕೇಳುತ್ತೇನೆ.

ಈ ಸಲದ ತಪಸ್ಸುಕಾಲ, ಶುಕ್ರವಾರ ಸಂಜೆ,
ಶಿಲುಬೆಹಾದಿ ಮುಗಿದ ಮೇಲೆ ಸ್ವಾಮಿಗಳು ಹೇಳಿದರು:
ಈಜಿಪ್ಟಿನ ಮರಳಲ್ಲಿ ಚೀಟಿಗಳು ಸಿಕ್ಕಿವೆಯಂತೆ,
ಜೊಂಡಿನ ಹಾಳೆ, ಸಾವಿರದೇಳುನೂರು ವರ್ಷ ಹಳೆಯವು.
ರೋಮಿನ ಚಕ್ರವರ್ತಿಯ ಆಜ್ಞೆ.
ಪ್ರತಿ ತಲೆಯೂ ಬಂದು ಸಾಮ್ರಾಜ್ಯದ ದೇವರಿಗೆ ಬಲಿ ಕೊಟ್ಟು,
ಎಡೆ ತಿಂದು, ರುಜು ಹಾಕಿಸಿಕೊಂಡು ಹೋಗಬೇಕು:
ಹಿಂದೆಯೂ ಅರ್ಪಿಸುತ್ತಿದ್ದೆ,
ಈಗಲೂ ಅರ್ಪಿಸಿದ್ದೇನೆ, ತಮ್ಮ ಸಮಕ್ಷಮ.

ಸಮಕ್ಷಮ!
ಬೆನ್ನ ಮೇಲೆ ಇರುವೆ ಹರಿದಂತಾಯಿತು.
ಅದು ನನ್ನ ಪದ. ದಿನಕ್ಕೆ ನಲವತ್ತು ಸಲ ಕುಟ್ಟುವ ಪದ.

ಬೆಂಚಿನ ಮೇಲಿದ್ದವರು ರಕ್ತಸಾಕ್ಷಿಗಳನ್ನು ನೆನೆದು ಕಣ್ಣೊರೆಸಿಕೊಂಡರು.
ನನಗೆ ಅಖಾಡ ಕಾಣಲಿಲ್ಲ, ಸಿಂಹ ಕಾಣಲಿಲ್ಲ.
ಕಂಡವನು ಅಂಗಳದ ಮೂಲೆಯಲ್ಲಿ ಕೂತ ಬರವಣಿಗೆಯವನು,
ಒಕ್ಕಣೆಯೆಲ್ಲ ಮೊದಲೇ ಬರೆದಿಟ್ಟು
ಹೆಸರಿಗೆ ಗೇಣು ಜಾಗ ಬಿಟ್ಟವನು.

ಸಾಲು ಉದ್ದ. ಬಿಸಿಲು. ಕಂಕುಳಲ್ಲಿ ಕೂಸು.
ಅಧಿಕಾರಿ ಕೆಟ್ಟವನೇನಲ್ಲ.
‘ಒಂದೇ ಚಿಟಿಕೆ ಸಾಂಬ್ರಾಣಿ, ತಾಯಿ, ಕೆಂಡಕ್ಕೆ ಹಾಕಿ ಹೊರಡಿ,
ಒಳಗೆ ಏನು ನಂಬುತ್ತೀರೋ ಯಾರು ಕೇಳಿದರು?’
ಕೆಲವರು ಹಾಕಿದರು.
ಕೆಲವರು ಹಾಕದೆಯೇ ಮೇಜಿನಡಿ ಕಾಸು ಜಾರಿಸಿ ಚೀಟಿ ಪಡೆದರು
(ದರ ಎಷ್ಟಿತ್ತೋ; ನಮ್ಮಲ್ಲಿ ಅರ್ಜೆಂಟಿಗೆ ಬೇರೆ).
ಕೆಲವರು ಕೈಮುಗಿದು ಅಂದರು:
ಚಕ್ರವರ್ತಿಗಾಗಿ ದಿನಾ ಪ್ರಾರ್ಥಿಸುತ್ತೇವೆ, ಸುಂಕ ಕಟ್ಟುತ್ತೇವೆ,
ಕುದುರೆ ಬಂದರೆ ದಾರಿ ಬಿಡುತ್ತೇವೆ.
ಚಕ್ರವರ್ತಿಗೆ ಪ್ರಾರ್ಥಿಸು ಅಂದರೆ ಮಾತ್ರ ಆಗೋದಿಲ್ಲ.

ಗಾಗಿ. ಗೆ.
ಒಂದು ಪ್ರತ್ಯಯದ ಮೇಲೆ ತಲೆಯಿಟ್ಟ ಮಂದಿ.

ನಮ್ಮಜ್ಜಿ ಮದಲೇನಮ್ಮನ ತಾತ
ಯಶವಂತಪುರದ ರೈಲುಹಾದಿಗೆ ಮಣ್ಣು ಹೊತ್ತವನಂತೆ.
ಗುದ್ದಲಿಗೆ ಗಡಿಗೆ ತಾಗಿ ಬೆಳ್ಳಿ ಕಾಸು ಚೆಲ್ಲಿ,
ಕಾಸಿನ ಮೇಲೆ ಎಲೆಕಿರೀಟದ ರೋಮಿನ ದೊರೆ.
ದೊರೆಯದು ದೊರೆಗೆ ಅಂದಾಗ ಯೇಸುಸ್ವಾಮಿ
ನೋಡಿದ್ದು ಇಂಥದೇ ಕಾಸು, ಅಜ್ಜಿ ಹೇಳುತ್ತಿದ್ದಳು.
‘ಮತ್ತೆ ನಮ್ಮೂರಿಗೆ ಯಾಕೆ ಬಂತು?’
‘ಮೆಣಸು ಕೊಳ್ಳೋಕೆ ಬಂದಿರಬೇಕು, ಸುಮ್ನೆ ಉಣ್ಣು.’
ತಾತ ಒಂದನ್ನೂ ಇಟ್ಟುಕೊಳ್ಳಲಿಲ್ಲ.
ದಂಡಿನ ದೊರೆಗೆ ಒಪ್ಪಿಸಿ ರಸೀದಿ ಬರೆಸಿಕೊಂಡ.
ನಮ್ಮ ಕಸುಬು ಅಲ್ಲೇ ಶುರುವಾಗಿರಬೇಕು.

ನಿನ್ನೆ ಪಿಳ್ಳಮ್ಮ ಬಂದಳು,
ಕಲಾಸಿಪಾಳ್ಯದ ಕಡೆಯವಳು, ರಾಜಕಾಲುವೆಯ ದಡದಲ್ಲಿ ಶೀಟಿನ ಮನೆ.
ಖಾಲಿ ಮಾಡಬೇಕು. ಜೊತೆಗೊಬ್ಬ ಇಸ್ತ್ರಿ ಶರಟಿನ ಹುಡುಗ,
ಅವನ ಕೈಯಲ್ಲಿ ಒಕ್ಕಣೆ:
‘ಸ್ವಇಚ್ಛೆಯಿಂದ, ಯಾರ ಒತ್ತಡವೂ ಇಲ್ಲದೆ’.
ಓದಿ ಹೇಳಿದೆ.
‘ಬಿಡ್ತೀನಿ ಅಂತ ಬರಿ. ಸರ್ಕಾರದ ಜಾಗ, ಬಿಡಬೇಕು.
ಇಷ್ಟಪಟ್ಟು ಅಂತ ಬರೀಬ್ಯಾಡ.’
‘ಅಮ್ಮಾ, ಅದು ಬರೀ ಪದ. ಎಲ್ಲರದರಲ್ಲೂ ಇರುತ್ತೆ.
ಒಳಗೆ ನಿಮಗೇನಿದೆಯೋ ಯಾರು ಕೇಳ್ತಾರೆ?’

ಅಂದವನು ನಾನೇ.

ಹೆಬ್ಬೆಟ್ಟಿಗೆ ಮಸಿ ಹಚ್ಚಿಯಾಗಿತ್ತು.
ಅವಳು ಹಾಳೆಗೆ ಒತ್ತಲಿಲ್ಲ. ಸೆರಗಿಗೆ ಒರೆಸಿಕೊಂಡಳು,
ಸಾವಕಾಶ, ಉಗುರಿನ ಸಂದಿಯದನ್ನೂ ಬಿಡದೆ.
ಹುಡುಗ ಯಾರಿಗೋ ಫೋನು ಹಚ್ಚಿ ಆಚೆ ಹೋದ.

ಹೊಸ ಹಾಳೆ ಏರಿಸಿದೆ. ಆ ಪದ ಬರುವಲ್ಲಿ
ಅಕ್ಷರದ ಕೀಲಿ ಮುಟ್ಟದೆ
ಉದ್ದ ಪಟ್ಟಿಯನ್ನಷ್ಟೇ ಒತ್ತಿದೆ, ಹತ್ತು ಸಲ.
ಬಿಳಿ ಬಿಟ್ಟ ಜಾಗ. ಆಮೇಲೆ ಯಾರಾದರೂ
ಪೆನ್ನಿನಲ್ಲಿ ತುಂಬಿಕೊಳ್ಳಬಹುದು. ಗೊತ್ತು.
ನಾನು ಅಷ್ಟೇ ಉದ್ದದವನು.

ಅವಳು ಹೆಬ್ಬೆಟ್ಟು ಒತ್ತಿ ಎದ್ದಳು.
ಬೇಡವೆಂದರೂ ಕೇಳದೆ ಮೇಜಿನ ಮೇಲೆ
ಹತ್ತರ ಎರಡು ನಾಣ್ಯ ಇಟ್ಟು ಹೋದಳು,
ಸಿಂಹದ ಮುಖ ಮೇಲೆ.