ಒಂದು ಗುರು, ಎರಡು ಲಘು

ದುರ್ಗಿಗುಡಿಯಲ್ಲಿ ಕನ್ನಡಕದಂಗಡಿಯ ಮೇಲೆ ನನ್ನ ರಿಪೇರಿ ಕೋಣೆ.
ಇಪ್ಪತ್ತೊಂದು ಮೆಟ್ಟಿಲು. ಎಣಿಸುತ್ತ ಹತ್ತಿ ಬಂದವರು
ಚೂಡಾಮಣಿ ಟೀಚರ್; ಹಿಂದೆ ಆಟೋದವನ ಹೆಗಲ ಮೇಲೆ
ಬೆಡ್‌ಶೀಟು ಸುತ್ತಿಕೊಂಡ ಕ್ಯಾಬಿನೆಟ್ಟು,
ನಾಟಕಕ್ಕೆ ಹೊರಟ ಹಾರ್ಮೋನಿಯಂ ಹಾಗೆ.

"ಇಮ್ತಿಯಾಜ್, ಫ್ಯಾನು ತಿರುಗುತ್ತೆ, ದೀಪ ಉರಿಯುತ್ತೆ,
ಪರದೆ ಮಾತ್ರ ನೋ ಸಿಗ್ನಲ್ ಅನ್ನುತ್ತೆ.
ಹಾಜರಿ ಕೂಗಿದರೂ ಬಾಯಿ ಬಿಡದ ಹುಡುಗನ ಹಾಗೆ.
ನಿನ್ನ ಹಾಗೆ."

ಪಾಠ ಮಾಡಲಿಕ್ಕಾ ಟೀಚರ್, ಇಷ್ಟು ದೊಡ್ಡ ಕಾರ್ಡು?
"ಲಾರಿ ಓಡಿಸಲಿಕ್ಕೆ."
ಸ್ಕೂಟಿ ಕೂಡ ಹತ್ತಿದವರಲ್ಲ,
ರಾತ್ರಿ ಹತ್ತಕ್ಕೆ ಸೆರಗು ಸಿಕ್ಕಿಸಿ
ಹದಿನೆಂಟು ಚಕ್ರದ ಲಾರಿ ತೆಗೆಯುತ್ತಾರಂತೆ, ಆಟದಲ್ಲಿ.
"ಆಗುಂಬೆ ಘಾಟಿಯಲ್ಲಿ ದೊಡ್ಡ ಗಾಡಿ ಬಿಡೋದಿಲ್ಲ ನೋಡು.
ನಾನು ಆಲ್ಪ್ಸ್ ಇಳಿಸಿದೀನಿ, ಲೋಡಿನ ಸಮೇತ.
ಮೊನ್ನೆ ಅರ್ಧ ತಿರುವಿನಲ್ಲಿ ಕತ್ತಲಾಯ್ತು.
ಇಪ್ಪತ್ತು ಟನ್ ಚೀಸು ಅಲ್ಲೇ ನಿಂತಿದೆ."

ಕೇಬಲ್ ಬದಲಿಸಿದೆ. ನನ್ನ ಮಾನಿಟರಿಗೆ ಸಿಕ್ಕಿಸಿದೆ.
ಇಲ್ಲ.
ರ‍್ಯಾಮ್ ಕಿತ್ತೆ, ಹಾಕಿದೆ, ಜಾಗ ಬದಲಿಸಿದೆ. ಇಲ್ಲ.
ಆರು ಪಿನ್ನಿನ ಕರೆಂಟಿನ ವಯರನ್ನು
ಟಕ್ಕೆನ್ನುವವರೆಗೆ ಒತ್ತಿದೆ.
ಕಪ್ಪು ಗಾಜಿನ ಮೇಲೆ ನೀಲಿ ಚೌಕ
ಮೂಲೆಯಿಂದ ಮೂಲೆಗೆ ಅಲೆಯಿತು,
ಬಸ್‌ಸ್ಟ್ಯಾಂಡಿನಲ್ಲಿ ಸಾಗರದ ಬಸ್ಸು ಹುಡುಕುವವನಂತೆ.

ಕೊನೆಗೆ ಡ್ರಾಯರಿನಿಂದ ಬೀಪರ್ ತೆಗೆದೆ,
ಅವರೆಕಾಳಿನಷ್ಟು ಸ್ಪೀಕರು.
ಈಗಿನ ಡಬ್ಬಗಳಿಗೆ ಅದನ್ನು ಕೊಡುವುದಿಲ್ಲ;
ನೋವಾದರೆ ಹೇಳಲು ಬಾಯಿಲ್ಲದೆ ಹುಟ್ಟುತ್ತವೆ.
ಸ್ವಿಚ್ಚು ಒತ್ತಿದೆ.

ಬೀಽಽ. ಬಿ. ಬಿ.

ಟೀಚರ್ ಮೇಜಿನ ಮೇಲೆ ಬೆರಳು ಬಡಿದರು.
"ಇನ್ನೊಮ್ಮೆ."
ಬೀಽಽ. ಬಿ. ಬಿ.
"ಯಾವ ಗಣವೋ?"

ಕೈಯಲ್ಲಿ ಸ್ಕ್ರೂಡ್ರೈವರ್, ವಯಸ್ಸು ಮೂವತ್ತೆಂಟು;
ಬೆನ್ನಿನಲ್ಲಿ ಒಂಬತ್ತನೇ ಬಿ ಸೆಕ್ಷನ್ನಿನ ಬೆವರು.
ಅಂದು ಬೋರ್ಡಿನ ಮುಂದೆ
ಗುರುವಿಗೆ ಗೆರೆ, ಲಘುವಿಗೆ ಬಟ್ಟಲು ಬರೆದು
ಮಗಣ, ಯಗಣ, ಸಗಣ ಎಂದು
ಕಂಡ ಬಾಗಿಲನ್ನೆಲ್ಲ ತಟ್ಟಿದ್ದೆ.
"ಭಗಣ, ಟೀಚರ್."
ನಮ್ಮ ಕಸುಬಿನಲ್ಲಿ ಅದರ ಅರ್ಥ:
ಗ್ರಾಫಿಕ್ಸ್ ಕಾರ್ಡ್ ಬೋರ್ಡಿಗೆ ಕಾಣುತ್ತಿಲ್ಲ.
"ಇಪ್ಪತ್ತನಾಲ್ಕು ವರ್ಷ ತಡ," ಅಂದರು. "ಇರಲಿ, ಅರ್ಧ ಮಾರ್ಕು."

ಕಾರ್ಡು ಹೊರತೆಗೆದೆ. ಇಟ್ಟಿಗೆಯಂಥ ಭಾರ.
ಚಿನ್ನದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿದೆ
(ರಬ್ಬರು ಅವರ ಪರ್ಸಿನದೇ, ಈಗಲೂ ಇಟ್ಟುಕೊಂಡಿದ್ದಾರೆ).
ಕೂರಿಸಿದೆ. ಮತ್ತೆ ಭಗಣ.
ಟಾರ್ಚು ಹಿಡಿದು ಪಕ್ಕದಿಂದ ಬಗ್ಗಿ ನೋಡಿದೆ:
ತನ್ನ ಭಾರಕ್ಕೆ ತಾನೇ ಬಾಗಿ
ಒಂದು ತುದಿ ಸ್ಲಾಟಿನಿಂದ ಎದ್ದಿದೆ, ಕೂದಲೆಳೆಯಷ್ಟು.
ಅವರೂ ಬಗ್ಗಿದರು.
"ಕೊನೇ ಬೆಂಚಿನವರು ಕೂರೋದೇ ಹೀಗೆ."

ಆಸರೆಗೆ ಏನಾದರೂ ಬೇಕು; ಕಬ್ಬಿಣ ಕೂಡದು.
ಬೆಂಕಿಪೊಟ್ಟಣ ಕುಳ್ಳು, ಸ್ಕೇಲು ಉದ್ದ.
ಮತ್ತೆ ಪರ್ಸು ತೆರೆಯಿತು. ಕೆಂಪು ಪೆನ್ನು.
ರೀಫಿಲ್ಲು ಎಳೆದಿಟ್ಟುಕೊಂಡು ಬರೀ ಕೊಳವೆ ಕೊಟ್ಟರು.
ಎರಡು ನೂಲು ಕತ್ತರಿಸಿ ಕಾರ್ಡಿನ ಕೆಳಗೆ ನಿಲ್ಲಿಸಿದೆ.
ನನ್ನ ಎಷ್ಟು ಸೊನ್ನೆಗಳು ಆ ಜಾತಿಯ ಪೆನ್ನಿನವು.

ಬಿ.

ಒಂದೇ ಲಘು. ಅದು ಯಾವ ಗಣವೂ ಅಲ್ಲ.
ಪರದೆ ಬೆಳಗಿತು.

ರಿಜಿಸ್ಟರಿನ ದೋಷದ ಕಾಲಮ್ಮಿನಲ್ಲಿ ಭಗಣ ಎಂದೇ ಬರೆದೆ.
ಅಷ್ಟರಲ್ಲಿ ಅವರು ಕುರ್ಚಿ ಎಳೆದುಕೊಂಡಿದ್ದರು.
ಸ್ಟೀರಿಂಗು ಮನೆಯಲ್ಲಿ; ಬಾಣದ ಕೀಲಿಗಳಲ್ಲೇ
ಹಿಮದಂಚಿನ ತಿರುವಿಗೆ ಮೂತಿ ತಿರುಗಿಸಿದರು.
ಕೆಳಗೆ, ಬೀದಿಯಲ್ಲಿ, ಕಾದು ಬೇಸತ್ತ ಆಟೋದವನು
ಉದ್ದಕ್ಕೆ ಹಾರ್ನು ಹೊಡೆದ.
"ತಡಿ ಮಾರಾಯ, ಸೈಡು ಕೊಡ್ತೀನಿ,"
ಅಂದರು ಟೀಚರ್, ಪರದೆಗೆ.