ಒಳಮೈ

ತಲೆಯಿಲ್ಲದ ಗೊಂಬೆಗೆ ನೀಲಿ ಗೌನು ತೊಡಿಸಿ
ಬೀದಿಗೆ ಮುಖ ಮಾಡಿ ನಿಲ್ಲಿಸುತ್ತಿದ್ದೆ. ಮುಖವೆಲ್ಲಿ ಬಂತು ಅದಕ್ಕೆ!
ಹದಿನೇಳು ವರ್ಷ ಹೀಗೇ ನಡೆಯಿತು ವ್ಯಾಪಾರ,
ಕಿಸುಮುವಿನ ಮಾರುಕಟ್ಟೆಯ ಹಿಂದಿನ ಸಾಲಿನಲ್ಲಿ.
ಸರೋವರದ ಗಾಳಿಗೆ ಒಣಮೀನಿನ ವಾಸನೆ,
ನನ್ನ ಬಟ್ಟೆಗೆ ಇಸ್ತ್ರಿಪೆಟ್ಟಿಗೆಯ ಕೆಂಡದ ವಾಸನೆ.

ಅಣ್ಣನ ಮಗ ಒಮೋಲೊ ಹೇಳಿದ:
"ಅತ್ತೆ, ಈಗ ಬೀದಿ ಅಂದರೆ ಇದಲ್ಲ,"
ಅಂಗೈಯ ಗಾಜು ತೋರಿಸಿದ.
ಇಪ್ಪತ್ತು ಶಿಲಿಂಗಿಗೆ ಒಂದು ದಿನದ ಡೇಟಾ.
ಅಷ್ಟಕ್ಕೆ ಒಂದು ಉಂಡೆ ದಾರ ಬರುತ್ತಿತ್ತಲ್ಲ
ಎಂದು ಬೆರಳು ಲೆಕ್ಕ ಹಾಕಿತು. ಬಾಯಿ ಸುಮ್ಮನಿತ್ತು.

'ಅಪೊಂಡಿ ಹೊಲಿಗೆ' ಎಂದು ಪೇಜು ತೆರೆದೆವು.
'ಫ್ಯಾಶನ್ ಹೌಸ್' ಎಂದು ಅವನೇ ಬಾಲ ಸೇರಿಸಿದ.
ಹೌಸಂತೆ! ತಗಡಿನ ಗೂಡು ಇದು;
ಬಾಗಿಲು ಹಾಕಿದರೆ ನಾನೋ ಮಶೀನೋ ಒಬ್ಬರು ಹೊರಗೆ.

ಮೊದಲ ದಿನ ಹನ್ನೊಂದು ಹೃದಯ.
ಮರುದಿನ ಎಪ್ಪತ್ತು.
ಎಪ್ಪತ್ತು ಹೃದಯ ಬಡಿದರೂ
ಅಳತೆಪಟ್ಟಿ ನನ್ನ ಕೊರಳಿಂದ ಇಳಿಯಲಿಲ್ಲ.
'ಬೆಲೆ?' ಎಂದಳೊಬ್ಬಳು ನಕುರುವಿನಿಂದ.
ಹೇಳಿದೆ.
ಆಮೇಲೆ ಅವಳು ಉಸಿರಾಡಿದಳೋ ಇಲ್ಲವೋ ತಿಳಿಯದು.
ಯಾವನೋ ಒಬ್ಬ: 'ಗೌನಿನೊಳಗೆ ಹೆಂಗಸೆಲ್ಲಿ?'
ಅವನಿಗೆ ಸೂಜಿಯ ಫೋಟೊ ಕಳಿಸಿದೆ.

ಒಮೋಲೊ ಬಿಡಲಿಲ್ಲ. ಗೋಡೆಯ ತುಕ್ಕು ಮರೆಸಲು
ಪಕ್ಕದ ಸಲೂನಿನ ಗುಲಾಬಿ ಪರದೆ ಕಡ ತಂದ.
ತಂಗಿಯ ಮಗಳನ್ನು ನಿಲ್ಲಿಸಿ, ನಗು, ನಗಬೇಡ, ತಿರುಗು ಎಂದ.
ಅವಳು ತಿರುಗಿದಳು, ನೋಡಿ,
ಆ ನೀಲಿ ಹರಡಿಕೊಂಡ ರೀತಿಗೆ ನನಗೇ ಹೊಟ್ಟೆಕಿಚ್ಚು.

ಆದರೆ ನಾನು ಹೊಲಿಯುವುದು ತಿರುಗುವವರಿಗಲ್ಲ.
ಕೂತು ಟೊಮೇಟೊ ಮಾರುವವರಿಗೆ, ಮೀನು ಹೆಚ್ಚುವವರಿಗೆ,
ನಸುಕಿನ ಮಿನಿಬಸ್ಸಿನಲ್ಲಿ ಎದೆಯ ಮೇಲೆ ಕೈಯಿಟ್ಟುಕೊಂಡೇ
ತೂಕಡಿಸುವವರಿಗೆ.
ಎಡಪಕ್ಕೆಯಲ್ಲಿ, ಹೊಲಿಗೆಯ ಹಿಂದೆ ಹೊಲಿಗೆ ಅಡಗಿಸಿ
ಒಂದು ಒಳಗಿಸೆ ಇಡುತ್ತೇನೆ.
ದಿನದ ದುಡ್ಡು, ಮಗುವಿನ ಫೀಸಿನ ರಸೀದಿ, ಒಂದು ತಲೆನೋವಿನ ಮಾತ್ರೆ.
ಗಂಡನ ಕಣ್ಣಿಗೆ ಬೀಳದು, ಕಳ್ಳನ ಕೈಗೆ ಸಿಗದು.
ಕಾಣದಿರುವುದೇ ಅದರ ಗುಣ.
ಕಾಣದ್ದನ್ನು ಏನೆಂದು ತೋರಿಸಿ ಮಾರಲಿ?

ಒಂದು ರಾತ್ರಿ, ಕರೆಂಟು ಹೋಗಿತ್ತು,
ಗೌನನ್ನು ಒಳಮೈ ಹೊರಗೆ ಮಾಡಿ ಗೊಂಬೆಗೆ ತೊಡಿಸಿದೆ.
ದಾರದ ಗಂಟು, ಸೀಮೆಸುಣ್ಣದ ಗೀಟು, ಬಿಚ್ಚಿ ಮತ್ತೆ ಹೊಲಿದ ಗುರುತು;
ಕಿಸೆ ನೇತಾಡಿತು, ಅಣಕಿಸುವ ನಾಲಗೆಯ ಹಾಗೆ.
ಟಾರ್ಚಿನ ಬೆಳಕಲ್ಲಿ ನಾನೇ ಕ್ಲಿಕ್ಕಿಸಿದೆ.
ಕೆಳಗೆ ಬರೆದೆ: 'ಒಂದು ವಾರದ ಗಳಿಕೆ ಹಿಡಿಯುತ್ತದೆ. ಯಾರಿಗೂ ಹೇಳಬೇಡಿ.'

ಬೆಳಿಗ್ಗೆ ಒಮೋಲೊ ಹಣೆ ಚಚ್ಚಿಕೊಂಡ:
"ಬಟ್ಟೆಯ ಒಳಮೈ ಯಾರಾದರೂ ಊರಿಗೆ ತೋರಿಸುತ್ತಾರಾ?"

ಹೇಳಬೇಡಿ ಎಂದದ್ದಕ್ಕೇ ಇರಬೇಕು,
ಎಲ್ಲರೂ ಹೇಳಿದರು.
ಬುಸಿಯಾದ ಗಡಿಯಲ್ಲಿ ಸಕ್ಕರೆ ಮಾರುವವಳು,
ಎಲ್ದೊರೆಟ್‌ನ ಆಸ್ಪತ್ರೆಯ ಆಯಾ,
ದೋಹಾದ ಯಾರದೋ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ನಿಂತವಳು.

ನಾಲ್ಕನೆಯ ದಿನ ಬಂದವಳು ನ್ಯಾಂಗ್ವೆಸೊ.
ಎದುರು ಸಾಲಿನ ಇದ್ದಿಲಿನವಳು. ನನ್ನ ಇಸ್ತ್ರಿಯ ಕೆಂಡವೆಲ್ಲ ಅವಳದೇ.
ನಡುವೆ ಒಂದು ಚರಂಡಿ, ಐದು ಹೆಜ್ಜೆ, ಹದಿನೇಳು ವರ್ಷ.
ದಾಟಿ ಬಂದು, ಕಪ್ಪು ಬೆರಳಲ್ಲಿ ಫೋನು ಚಾಚಿ,
"ದೋಹಾದಿಂದ ಮಗಳು ಕಳಿಸಿದ್ದಾಳೆ, ನೋಡು.
ಇಂಥದ್ದು ಹೊಲಿಯಲು ಬರುತ್ತದಾ ನಿನಗೆ?"

ನಾನು ನಗಲಿಲ್ಲ.
ಗಾಜಿನ ಮೇಲೆ ಇದ್ದಿಲ ಹೆಬ್ಬೆರಳು,
ಅದರಡಿ ನನ್ನ ಕಿಸೆ.
ಪಟ್ಟಿಯನ್ನು ಕೊರಳಿಂದ ಇಳಿಸಿ,
"ಕೈ ಎತ್ತು," ಎಂದೆ. "ಇನ್ನೂ ಸ್ವಲ್ಪ.
ಒಳಗೆ ಎಷ್ಟು ಆಳ ಬೇಕು?"

ಅವಳು ಆಚೆ ಈಚೆ ನೋಡಿ ಕಿವಿಯಲ್ಲಿ ಹೇಳಿದಳು.

ಆ ಅಳತೆಯನ್ನು
ಪೇಜಿನಲ್ಲಿ ಹಾಕಿಲ್ಲ.